ಮೂವರಿಗೆ ಒಂದು ಬೋಗುಣಿ

ಡೊಂಬಿವಲಿಯ ಚಾಳಿನ ಆ ಎರಡು ಖೋಲಿಯ ಮನೆಯಲ್ಲಿ ರತ್ನಾಬಾಯಿ ಭಾನುವಾರ ಮಧ್ಯಾಹ್ನದಿಂದಲೇ ನೆಲ ಒರೆಸುತ್ತಿದ್ದಳು. ಒರೆಸಿದ್ದನ್ನೇ ಮತ್ತೆ ಒರೆಸಿದಳು. ೧೯೭೯ರ ಆ ವರ್ಷ ಅವಳು ಥಾಣೆಯ ಒಂದು ಬಲ್ಬಿನ ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸಕ್ಕಿದ್ದಳು. ಅಲ್ಲಿ ಯಂತ್ರ ಕೂರಿಸಲು ಬಂದಿದ್ದ ಜಪಾನಿ ಎಂಜಿನಿಯರನ ಹೆಂಡತಿ, ನೌಪಾಡಾದ ಬಾಡಿಗೆ ಮನೆಗೆ ನಾಲ್ಕು ಜನ ಹೆಂಗಸರನ್ನು ಕರೆದು ತಮ್ಮ ದೇಶದ ಚಹಾದ ಕ್ರಮ ತೋರಿಸಿದ್ದಳು. ಊರಿಗೆ ಮರಳುವಾಗ ಹಸಿರು ಪುಡಿಯ ಚಿಕ್ಕ ಡಬ್ಬಿಯನ್ನೂ ಕೊಟ್ಟುಹೋಗಿದ್ದಳು. ರತ್ನಾಬಾಯಿ ಎಲ್ಲವನ್ನೂ ರಾತ್ರಿಶಾಲೆಯ ಹಳೆಯ ನೋಟ್‌ಬುಕ್ಕಿನಲ್ಲಿ ನಂಬರು ಹಾಕಿ ಬರೆದಿಟ್ಟಿದ್ದಳು. ಅದರಲ್ಲಿ ಅವಳ ಮನಸ್ಸು ಹಿಡಿದದ್ದು ಒಂದೇ ಸಾಲು: ಗಟ್ಟಿ ಚಹಾ ಮಾಡಿದರೆ ಬಂದವರೆಲ್ಲ ಒಬ್ಬರಾದ ಮೇಲೊಬ್ಬರು ಒಂದೇ ಬೋಗುಣಿಯಿಂದ ಕುಡಿಯಬೇಕು.

ಗಂಡ ವೀರಭದ್ರಪ್ಪ ಕ್ಷಯದ ಆಸ್ಪತ್ರೆಯಿಂದ ಮನೆಗೆ ಬಂದು ಮೂರು ತಿಂಗಳಾಗಿತ್ತು. ಇನ್ನು ಯಾರಿಗೂ ತಗಲುವುದಿಲ್ಲವೆಂದು ಡಾಕ್ಟರು ಬರೆದುಕೊಟ್ಟಿದ್ದರು. ಆದರೂ ಅವನ ತಾಟು, ವಾಟಿ, ಲೋಟ ಗೋಡೆಗೆ ಬಡಿದ ಬೇರೊಂದು ಹಲಗೆಯ ಫಳಿಯ ಮೇಲೆಯೇ ಇದ್ದವು. ಅತ್ತೆಯ ಸಮಾಧಾನಕ್ಕೆ ಹೀಗೆ ಎಂದು ರತ್ನಾಬಾಯಿ ಹೇಳಿಕೊಳ್ಳುತ್ತಿದ್ದಳು. ಅವನು ಉಂಡ ತಾಟನ್ನು ತಾನೇ ತೊಳೆದು ಫಳಿಗಿಡುತ್ತಿದ್ದ. ಅದನ್ನು ನೋಡಲಾರದೆ ಈ ಚಹಾ. ಅತ್ತೆ ಮಗನ ಬೋಗುಣಿಯಿಂದ ಒಂದು ಗುಟುಕು ಕುಡಿದುಬಿಟ್ಟರೆ ಆ ರೂಢಿ ಅಲ್ಲಿಗೇ ಮುಗಿಯುತ್ತದೆ.

ಸಂಜೆ ಚಾಪೆ ಹಾಸಿ ಮೊದಲು ಗಂಡನನ್ನು, ಅವನ ಪಕ್ಕಕ್ಕೆ ಅತ್ತೆ ಕಲ್ಲವ್ವನನ್ನು ಕೂರಿಸಿದಳು. ಬೋಗುಣಿಯ ಬಿಸಿನೀರಿಗೆ ಹಸಿರು ಪುಡಿ ಹಾಕಿ, ಅದನ್ನು ಕಡೆಯುವ ಬಿದಿರಿನ ಕುಂಚವಿಲ್ಲದ್ದಕ್ಕೆ ಮಜ್ಜಿಗೆಯ ಸಣ್ಣ ಕಡಗೋಲಿನಿಂದಲೇ ಕಡೆದಳು.

"ಎಷ್ಟೊತ್ತ ಕಡೀತೀ? ಬೆಣ್ಣಿ ಬರತೈತೇನ?" ಎಂದಳು ಕಲ್ಲವ್ವ.

"ಮಾತಾಡಬಾರದಂತ್ರಿ ಅತ್ತಿ."

"ಚಾ ಕುಡಿಯಾಕೂ ಮೌನಾ? ಆತು ಬಿಡವಾ."

ವೀರಭದ್ರಪ್ಪ ಎರಡು ಗುಟುಕು ಕುಡಿದು ಅಂಚನ್ನು ಬಟ್ಟೆಯಿಂದ ಒರೆಸಿದ. ತಾಯಿಯ ಕಡೆ ಚಾಚಲು ಕೈ ಏಳಲಿಲ್ಲ.

"ಕೊಡ ಇತ್ತ." ಕಲ್ಲವ್ವ ತಾನೇ ಕಿತ್ತುಕೊಂಡು ಕುಡಿದು ಮುಖ ಕಿವುಚಿದಳು. "ಬೇವಿನ ತಪ್ಪಲಾ ಏನಿದು!"

"ಯವ್ವಾ, ನನ್ನ ಎಂಜಲಾ..."

"ನೀ ಉಗುಳಿದ ತುತ್ತ ತಿಂದ ಬೆಳಸೀನಿ ನಿನ್ನ. ಆ ಫಳಿ ಮಾಡಿದಾಕಿ ನಾನಲ್ಲಪಾ. ಸೊಸಿಗೆ ಹೆದರಿಕಿ ಐತಂತ ಸುಮ್ಮನಿದ್ದೆ."

ವೀರಭದ್ರಪ್ಪ ಹೆಂಡತಿಯತ್ತ ತಿರುಗಿದ. "ನೀ ಕುಡಿಯೂದಿಲ್ಲೇನ?"

"ಮಾಡಿದವ್ರು ಕುಡಿಯಂಗಿಲ್ರಿ. ಹಂಗ ಕ್ರಮಾ ಐತಿ."

ಸುಳ್ಳಲ್ಲ, ನೋಟ್‌ಬುಕ್ಕಿನಲ್ಲಿ ಹಾಗೆಯೇ ಇತ್ತು. ಆದರೆ ಹೇಳುತ್ತಿದ್ದಂತೆ ಅವಳ ಕಿವಿ ಬಿಸಿಯಾಯಿತು. ಅತ್ತೆಯ ಅಂಜಿಕೆ ಬಿಡಿಸಲು ಹೊರಟವಳು, ತಾನು ಮಾತ್ರ ಕುಡಿಯಬೇಕಿಲ್ಲದ ಜಾಗ ಹುಡುಕಿ ಕೂತಿದ್ದಳು. ಆಸ್ಪತ್ರೆಯಲ್ಲಿ ಗಂಡನ ಪಕ್ಕದ ಮಂಚದವನು ಕೆಮ್ಮಿ ಕೆಮ್ಮಿ ಸತ್ತದ್ದನ್ನು ನೋಡಿದವಳು ಅವಳೇ.

"ಇರಲಿ ಬಿಡ," ಎಂದು ಅವನು ತಾಯಿಯ ಕೈಯಿಂದ ಬೋಗುಣಿ ತೆಗೆದುಕೊಂಡು, ತೊಳೆಯಲು ಮೂಲೆಯ ಮೋರಿಯ ಕಡೆ ಎದ್ದ.

ರತ್ನಾಬಾಯಿ ಅಡ್ಡ ಬಂದಳು. "ನನಗ ಹೆದರಿಕಿ ಐತ್ರಿ. ಅತ್ತಿ ಹೆಸರ್ಲೆ ಎಲ್ಲಾ ಮಾಡಿದ್ದು ನಾನ."

"ಗೊತ್ತೈತಿ. ಹೆದರಿಕಿ ಹೋದ ಮ್ಯಾಲ ಕುಡಿಯಂತಿ."

"ಅದು ಹೋಗತೈತೋ ಇಲ್ಲೋ, ಯಾರಿಗೆ ಗೊತ್ತ್ರೀ."

ಬೋಗುಣಿಯನ್ನು ಅವನ ಕೈಯಿಂದ ಬಿಡಿಸಿಕೊಂಡಳು. ತಳದಲ್ಲಿ ಒಂದು ಗುಟುಕಿನಷ್ಟು ಉಳಿದಿತ್ತು. ಅಂಚು ಹಲ್ಲಿಗೆ ತಾಗಿತು. ಪೂರ್ತಿ ಕುಡಿದಳು. ಹೆದರಿಕೆ ಇದ್ದಲ್ಲೇ ಇತ್ತು. ವೀರಭದ್ರಪ್ಪ ಅವಳ ಬೆನ್ನ ಮೇಲೆ ಕೈಯಿಟ್ಟ. ಮನೆಗೆ ಬಂದ ಮೇಲೆ ಅವನು ಯಾರನ್ನೂ ಮುಟ್ಟಿರಲಿಲ್ಲ.