ಮೂರನೇ ಲೈನಿನವರ ಕ್ರಿಯಾಪದ

ನಮ್ಮ ಲಾಂಡ್ರಿಯನ್ನು ಡಚ್ಚರು ಕೊಂಡರು. ಕೊಂಡ ವಾರವೇ ನೋಟಿಸ್ ಬೋರ್ಡಿನ ಮೇಲೆ ಒಂದು ಹಾಳೆ ಬಂತು. ಡಚ್ ಭಾಷೆಯ ‘ಇರು’ ಎಂಬ ಒಂದೇ ಒಂದು ಕ್ರಿಯಾಪದವನ್ನು ಸರಿಯಾಗಿ ಬಳಸಬಲ್ಲವರಿಗೆ ಬೆಳಗಿನ ಐದರ ಪಾಳಿಯಿಂದ ಒಂಬತ್ತರ ಪಾಳಿಗೆ ವರ್ಗ. ಉಳಿದ ಪದಗಳು ನಿಮ್ಮ ಭಾಷೆಯವೇ ಆದರೂ ಅಡ್ಡಿಯಿಲ್ಲ.

ನನಗೆ ಆ ಒಂಬತ್ತರ ಪಾಳಿ ಬೇಕೇ ಬೇಕಿತ್ತು. ಹೆಂಡತಿಗೆ ಬೇರೆ ಊರಲ್ಲಿ ಕೆಲಸ. ಶನಿವಾರ ಬಂದು ಭಾನುವಾರ ಹೋಗುತ್ತಾಳೆ. ನಾಲ್ಕೂವರೆಗೆ ಏಳು ವರ್ಷದ ಮಗಳನ್ನು ಹೊದಿಕೆ ಸಮೇತ ಎತ್ತಿ, ಕೆಳಮನೆಯ ಟೈಲರಮ್ಮನ ಚೂರುಬಟ್ಟೆಗಳ ಮೇಲೆ ಮಲಗಿಸಿ ಓಡುತ್ತಿದ್ದೆ. ಎಬ್ಬಿಸಿ ಶಾಲೆಗೆ ಬಿಡುತ್ತಿದ್ದವಳು ಆಕೆಯೇ. ಈಗ ಆಕೆ, “ತಿಂಗಳ ಕೊನೆಗೆ ಅಂಗಡಿ ಮುಚ್ಚಿ ಮಗಳ ಮನೆ ಸೇರ್ಕೋತೀನಪ್ಪ. ಆಮೇಲೆ ಏನೋ, ನೀನೇ ನೋಡ್ಕೋ” ಎಂದುಬಿಟ್ಟಿದ್ದಳು.

ಆ ಕ್ರಿಯಾಪದವೋ, ಸರಿದಾರಿಗೆ ಬರುವ ಜಾತಿಯದಲ್ಲ. ನಾನು ಇದ್ದರೆ ‘ಇಕ್ ಬೆನ್’. ನೀನು ಇದ್ದರೆ ‘ಯೇ ಬೆಂಟ್’. ಅವನಾದರೆ ‘ಹೇ ಇಸ್’, ನಾವಾದರೆ ‘ವೇ ಝೈನ್’.

“ಒಂದೇ ತಾಯಿ ಮಕ್ಕಳಂತೆ. ಒಬ್ಬರ ಮೂಗು ಒಬ್ಬರಿಗಿಲ್ಲ,” ಎಂದಳು ನಮ್ಮ ಲೈನಿನ ಅಕ್ಕ.

ಮೂರನೇ ಲೈನಿನಲ್ಲಿ ನಾವು ನಾಲ್ವರು. ಒದ್ದೆ ಚಾದರ ಬಿಡಿಸುವವಳು ಅಕ್ಕ, ನಮ್ಮೆಲ್ಲರಿಗಿಂತ ಹಿರಿಯಳು. ಇಸ್ತ್ರಿ ಮಾಡುವ ಬಿಸಿ ರೋಲರಿಗೆ ಕೊಡುವವನು ದೊರೆ; ಎದೆಯುಬ್ಬಿಸಿ ನಡೆಯುವುದರಿಂದ ಆ ಹೆಸರು, ಮನೆಯಲ್ಲಿ ಹೆಂಡತಿಯಿರಲಿ ಬೆಕ್ಕೂ ಇಲ್ಲ. ಮಡಚುವವನಿಗೆ ನಾವಿಟ್ಟ ಹೆಸರು ಕಿರಿಕಿರಿ. ಕಟ್ಟು ಕಟ್ಟುವವನು ನಾನು. ಹನ್ನೊಂದು ವರ್ಷದಲ್ಲಿ ನಮ್ಮಲ್ಲಿ ಒಬ್ಬರೂ ಒಂದು ಚಾದರವನ್ನು ಮೊದಲಿಂದ ಕೊನೆಯವರೆಗೆ ತಾವೇ ಮುಗಿಸಿದವರಲ್ಲ. ಹಾಗಾಗಿ ಅಕ್ಕ, “ತಲೆಗೊಂದು ಹಂಚ್ಕೊಳ್ಳೋಣ, ಹೊರೆ ಹಗುರ ಆಗುತ್ತೆ” ಎಂದಾಗ ಯಾರಿಗೂ ಅದು ತಪ್ಪೆನಿಸಲಿಲ್ಲ.

‘ನಾನು’ ದೊರೆಗೆ ಹೋಯಿತು, ಕೇಳುವುದೇನಿದೆ. ಸದಾ ಇನ್ನೊಬ್ಬರ ಮೇಲೆ ತಪ್ಪು ಹೊರಿಸುವ ಕಿರಿಕಿರಿಗೆ ‘ನೀನು’. ಅಕ್ಕ ‘ನಾವು’ ಇಟ್ಟುಕೊಂಡಳು. ನನಗೆ ಉಳಿದದ್ದು ‘ಅವನು’.

ಅಭ್ಯಾಸ ಜೋರಾಗಿ ಸಾಗಿತು. ನನಗೆ ಸುಸ್ತಾದರೆ ದೊರೆಯನ್ನು ಕರೆಯುತ್ತಿದ್ದೆ. ಅವನು ಬಂದು “ಇಕ್ ಬೆನ್ ಸುಸ್ತು” ಎಂದು ಹೇಳಿ, ನನ್ನ ಸ್ಟೂಲಿನ ಮೇಲೆ ಕೂತು ಸುಧಾರಿಸಿಕೊಂಡು ಹೋಗುತ್ತಿದ್ದ. ಒಂದು ದಿನ ಬಿಸಿ ಚಾದರದಿಂದ ನನ್ನ ಕೈ ಸುಟ್ಟಾಗ ಮ್ಯಾನೇಜರಿಗೆ ವರದಿ ಮಾಡಿದವನೂ ಅವನೇ. ಮುಲಾಮು, ಅರ್ಧ ದಿನದ ರಜೆ, ಎರಡೂ ಅವನಿಗೇ ಸಿಕ್ಕವು.

ಮನೆಯಲ್ಲಿ ಮಗಳು ಪರೀಕ್ಷಿಸುತ್ತಿದ್ದಳು. “ನೀನು ಯಾರು, ಹೇಳು.”

“ಹೇ ಇಸ್ ಅಪ್ಪ.”

“ಯಾರು ಅವನು?” ಎಂದು ಅವಳು ಬಾಗಿಲ ಹಿಂದೆ ಹುಡುಕುತ್ತಿದ್ದಳು.

ಒಬ್ಬೊಬ್ಬರನ್ನೇ ಕರೆಯುತ್ತಾರೆಂಬುದು ಪರೀಕ್ಷೆಯ ದಿನವೇ ಗೊತ್ತಾದದ್ದು. ಗಾಜಿನ ಕ್ಯಾಬಿನ್ನಿನಲ್ಲಿ ನಮ್ಮ ಭಾಷೆಯೂ ಬಲ್ಲ ಒಬ್ಬ ಮೇಡಂ ಕೂತಿದ್ದರು. ದೊರೆ ಬೇಗನೆ ಹೊರಬಂದ. “ಏನ್ ಕೇಳಿದ್ರೂ ನನ್ನ ಬಗ್ಗೆನೇ ಹೇಳ್ದೆ” ಎಂದ. ಅಕ್ಕನ ವಯಸ್ಸು ಕೇಳಿದರಂತೆ. “ವೇ ಝೈನ್ ಐವತ್ತೆಂಟು” ಎಂದಳಂತೆ. ಲೈನಿನಲ್ಲಿ ದಿನಾ ತಡವಾಗಿ ಬರುವವರು ಯಾರೆಂದು ಕಿರಿಕಿರಿಯನ್ನು ಕೇಳಿದರೆ, ಅವನು ಮೇಡಂ ಕಡೆ ಬೆರಳು ತೋರಿಸಿ “ಯೇ ಬೆಂಟ್” ಎಂದು ಬಂದಿದ್ದ.

ನನ್ನ ಸರದಿ. “ನೀವು ಯಾರು? ಒಂಬತ್ತರ ಪಾಳಿ ಯಾಕೆ ಬೇಕು?”

ನನ್ನಲ್ಲಿದ್ದದ್ದು ‘ಅವನು’ ಒಂದೇ. ಎದುರಿನ ಗಾಜಿನಲ್ಲಿ ನನ್ನದೇ ಪ್ರತಿಬಿಂಬ ಕಂಡಿತು. ಸದ್ಯ, ಬದುಕಿಕೊಂಡೆ ಎಂದು ಅದಕ್ಕೆ ಬೆರಳು ತೋರಿಸಿದೆ. “ಹೇ ಇಸ್ ಅಪ್ಪ. ಮಗಳಿಗೆ ಏಳು ವರ್ಷ. ಬೆಳಗ್ಗೆ ನೋಡ್ಕೊಳ್ಳೋರು ಯಾರೂ ಇಲ್ಲ. ಹೇ ಇಸ್ ಕಂಗಾಲು.”

ಮೇಡಂ ನನ್ನ ಬೆರಳಿನ ಜಾಡು ಹಿಡಿದು ತಿರುಗಿದರು. ಗಾಜಿನಾಚೆ, ಅದೇ ಗಾಜು ನೋಡಿಕೊಂಡು ದೊರೆ ತಲೆ ಬಾಚುತ್ತಿದ್ದ.

“ಪಾಪ,” ಎಂದು ಅವರು ಬರೆದುಕೊಂಡರು. “ಸ್ನೇಹಿತನಿಗೋಸ್ಕರ ಮಾತಾಡ್ತಿದೀರಲ್ಲ, ದೊಡ್ಡ ಮನಸ್ಸು.”

“ಅಯ್ಯೋ, ಅಲ್ಲ ಮೇಡಂ! ಅದು ನಾನೇ!”

“ಹಾಗಾದ್ರೆ ‘ನಾನು’ ಅಂತ ಡಚ್ಚಲ್ಲಿ ಹೇಳಿ.”

ಆ ಎರಡು ಪದಗಳನ್ನು ಸಾವಿರ ಸಲ ಕೇಳಿದ್ದೆ. ನಾಲಿಗೆಯ ತುದಿಯಲ್ಲೇ ಇದ್ದವು. ಆದರೆ ಅವು ದೊರೆಯವು. ಅವನ ರೋಲರಿಗೂ ನಾನು ಎಂದೂ ಕೈ ಹಾಕಿದವನಲ್ಲ. ಮೇಡಂ ಐದು ನಿಮಿಷ ಕಾದು ಫೈಲು ಮುಚ್ಚಿದರು.

ಆದೇಶ ಬಂತು: ಏಳು ವರ್ಷದ ಮಗಳ ತಂದೆಯಾದ ದೊರೆಗೆ ಒಂಬತ್ತರ ಪಾಳಿ. ಷರತ್ತು ಒಂದೇ, ದಿನಾ ಶಾಲೆಯ ಗೇಟಿನಲ್ಲಿ ಸಹಿ ಹಾಕಿಸಿಕೊಂಡು ಬರಬೇಕು.

“ಹಲ್ಲಿದ್ದೋನಿಗೆ ಕಡಲೆ ಇಲ್ಲ, ಕಡಲೆ ಇದ್ದೋನಿಗೆ ಹಲ್ಲಿಲ್ಲ,” ಎಂದಳು ಅಕ್ಕ.

ಒಂದನೇ ತಾರೀಕು ನಾಲ್ಕೂಕಾಲಿಗೆ ಬಾಗಿಲು ಬಡಿದ ಸದ್ದು. ದೊರೆ, ಕಂಕುಳಲ್ಲಿ ದಿಂಬು. “ಕಾಗದದಲ್ಲಿ ಬರೆದುಬಿಟ್ಟಿದಾರಲ್ಲ ಕಣಪ್ಪ. ಸಹಿ ಬೇಕು ಅಂದ್ರೆ ಮಗು ಬೇಕು,” ಎಂದವನು ನನ್ನ ಹಾಸಿಗೆಯ ಬೆಚ್ಚನೆ ಜಾಗದಲ್ಲೇ ಮಲಗಿದ. ಮಗಳು ಕದಲಲಿಲ್ಲ. ಕೈಯಲ್ಲಿ ಭಾರವಿಲ್ಲದೆ ಮೆಟ್ಟಿಲಿಳಿಯುವುದು ನನಗೆ ಮರೆತೇ ಹೋಗಿತ್ತು. ಎರಡು ಸಲ ಎಡವಿದೆ.

ಮೂರು ವಾರ ಕಳೆಯಿತು. ಅವಳ ಜಡೆ ನಾನು ಹಾಕುವುದಕ್ಕಿಂತ ನೆಟ್ಟಗಿರುತ್ತಿತ್ತು. ಅದು ನನಗೆ ಅಷ್ಟೇನೂ ಹಿಡಿಸಲಿಲ್ಲ.

ಮೊನ್ನೆ ಒಂಬತ್ತಕ್ಕೆ ಬಂದ ದೊರೆ ರೋಲರಿನ ಹತ್ತಿರ ಹೋಗದೆ ನೇರ ನನ್ನ ಬಳಿ ಬಂದ.

“ಟೀಚರ್ ಕರೆಸಿದ್ರು. ಮಗ್ಗಿ ಬರಲ್ವಂತೆ ಅವಳಿಗೆ. ಮನೇಲಿ ಯಾರೂ ಕೂರಿಸ್ಕೊಂಡು ಹೇಳ್ಕೊಡಲ್ವಾ ಅಂದ್ರು. ತಲೆ ತಗ್ಗಿಸಿ ನಿಂತೆ. ನಾನು! ಸಂಜೆ ಹೊತ್ತು ನೀನೇನ್ ಕಡಿದು ಗುಡ್ಡೆ ಹಾಕ್ತಿರ್ತೀಯ?”

“ಪಾತ್ರೆ ತೊಳೀತಿರ್ತೀನಿ.”

“ಐದರ ಮಗ್ಗಿವರೆಗೆ ನೀನು ಕೂರಿಸು. ಆರು, ಏಳು ಬೆಳಗ್ಗೆ ನಾನು ಕೇಳ್ತೀನಿ.”

“ಎಂಟರಿಂದ ಮೇಲೆ ನನಗೆ ಬಿಡಿ. ಭಾನುವಾರ ಕಳಿಸಿ,” ಎಂದಳು ಅಕ್ಕ, ಚಾದರ ಕೊಡವುತ್ತ.

ಕಿರಿಕಿರಿಗೆ ಬೇಸರವಾಯಿತು. “ನನಗೇನೂ ಉಳಿಸಿಲ್ವಲ್ರೋ. ಸರಿ, ಅವಳು ತಪ್ಪಿದ್ರೆ ಬೈಯೋದು ನಂದು.”

ಕಟ್ಟುತ್ತಿದ್ದ ಕಟ್ಟನ್ನು ಅಲ್ಲೇ ಬಿಟ್ಟು ಎದ್ದು ನಿಂತೆ. ಚಾದರಗಳು ಬಂದು ಕಾಲ ಬುಡದಲ್ಲಿ ಬೀಳತೊಡಗಿದವು.

“ಬೈಯೋದನ್ನ ಯಾರಿಗೂ ಕೊಡಲ್ಲ. ಅವಳ ಅಪ್ಪ ನಾನು.”