ಶೆಡ್ಡು ಬದಲಾಯಿಸಿದಂತಲ್ಲ ದಮ್ಮಾಮ್ ಕೆಲಸ

ಶುಕ್ರವಾರ ಬಂತೆಂದರೆ ಶಿಡ್ಲಘಟ್ಟದ ಜಿಯಾವುಲ್ಲಾ ಅವರ ಮನೆಯಲ್ಲಿ ಫೋನಿಗೆ ಚಾರ್ಜು ತುಂಬಿರಲೇಬೇಕು. ಅವತ್ತು ಸೌದಿಯ ದಮ್ಮಾಮ್‌ನಲ್ಲಿ ಮಗ ಪರ್ವೇಜ್‌ಗೆ ರಜೆ. ನಮಾಜ್ ಮುಗಿಸಿ, ಊಟ ಮಾಡಿ ಅವನು ವಿಡಿಯೋ ಕರೆ ಮಾಡುತ್ತಾನೆ. ಅವನ ಹೆಂಡತಿ ಶಾಜಿಯಾ ಮಗುವಿನ ಮುಖ ತೊಳೆಸಿ, ಫೋನನ್ನು ಸಕ್ಕರೆ ಡಬ್ಬಕ್ಕೆ ಒರಗಿಸಿ ಕಾಯುತ್ತಾಳೆ. ಮಗುವಿಗೆ ಒಂಬತ್ತು ತಿಂಗಳು. ಪರ್ವೇಜ್ ವಿಮಾನ ಹತ್ತಿ ಐದು ತಿಂಗಳಿಗೆ ಹುಟ್ಟಿದವಳು. ಅಪ್ಪ ಅಂದರೆ ಅವಳ ಪಾಲಿಗೆ ಒಂದು ಅಂಗೈ ಅಗಲದ ಗಾಜು. ಯಾರ ಫೋನು ಕಂಡರೂ ಕೈ ಬೀಸುತ್ತಿದ್ದಳು.

ಆ ಶುಕ್ರವಾರ ಪರ್ವೇಜ್ ಮಗುವನ್ನು ಸರಿಯಾಗಿ ನೋಡಲೇ ಇಲ್ಲ.

“ಅಬ್ಬಾ, ಈ ಕಂಪನಿ ಬಿಡ್ತಾ ಇದೀನಿ,” ಎಂದ ಅಪ್ಪನಿಗೆ. “ಸಂಬಳ ಪ್ರತಿ ತಿಂಗಳೂ ತಡ. ಓವರ್‌ಟೈಮ್ ಕೇಳಿದ್ರೆ ಫೋರ್‌ಮನ್ ಬೈತಾನೆ. ಒಂದು ರೂಮಲ್ಲಿ ಹನ್ನೊಂದು ಜನ. ಊರಿಗೆಲ್ಲ ಎಸಿ ರಿಪೇರಿ ಮಾಡೋರು ನಾವು, ನಮ್ಮ ರೂಮಿನ ಎಸಿ ಕೆಟ್ಟು ಎರಡು ತಿಂಗಳಾಯ್ತು. ಇಲ್ಲೊಬ್ಬ ಏಜೆಂಟು ಬೇರೆ ವರ್ಕ್‌ಶಾಪಲ್ಲಿ ಕೆಲಸ ಕೊಡಿಸ್ತೀನಿ ಅಂದಿದಾನೆ. ಭಾನುವಾರ ಬಂದು ಸೇರ್ಕೊ, ಪೇಪರ್ ಆಮೇಲೆ ಮಾಡ್ಸಣ ಅಂತಾನೆ. ನಾಳೆ ಪೆಟ್ಟಿಗೆ ತಗೊಂಡು ಹೊರಡ್ತೀನಿ.”

“ಹೊರಡು ಬೇಟಾ. ಇದಕ್ಕೆ ನನ್ನ ಕೇಳಬೇಕಾ?” ಎಂದರು ಜಿಯಾವುಲ್ಲಾ.

ಜಿಯಾವುಲ್ಲಾ ಮೂವತ್ತೆಂಟು ವರ್ಷ ರೇಷ್ಮೆ ರೀಲಿಂಗ್ ಶೆಡ್ಡುಗಳಲ್ಲಿ ಗೂಡು ಬೇಯಿಸಿ ನೂಲು ತೆಗೆದವರು. ಬೆರಳುಗಳ ತುದಿ ಇವತ್ತಿಗೂ ಬಿಳಿಚಿ ಸುಕ್ಕುಗಟ್ಟಿವೆ. ಆ ಮೂವತ್ತೆಂಟು ವರ್ಷದಲ್ಲಿ ಏಳು ಶೆಡ್ಡು ಬದಲಾಯಿಸಿದ್ದರು. ಬದಲಾಯಿಸುವ ಕ್ರಮ ಊರಿಗೆಲ್ಲ ಗೊತ್ತಿರುವುದೇ. ಮಾಲೀಕನ ಮಾತು ಸಹಿಸಲಾಗದಿದ್ದರೆ ಮಾರನೇ ದಿನ ಅಲ್ಲಿಗೆ ಹೋಗುವುದಿಲ್ಲ. ಇನ್ನೊಂದು ಬೀದಿಯ ಶೆಡ್ಡಿನಲ್ಲಿ ಬಿಸಿನೀರಿನ ಬೇಸಿನ್ ಮುಂದೆ ಕೂತುಬಿಡುವುದು. ಹಳೆಯ ಮಾಲೀಕ ಎರಡು ದಿನ ಕೂಗಾಡುತ್ತಾನೆ. ಮೂರನೇ ದಿನ ಇಬ್ಬರು ಮಾಲೀಕರೂ ಗೂಡಿನ ಮಾರುಕಟ್ಟೆಯಲ್ಲಿ ಎದುರಾಗಿ, ಟೀ ಕುಡಿದು, ವಿಷಯ ಮುಗಿಸುತ್ತಾರೆ. ಕಾಗದವಿಲ್ಲ, ಸಹಿಯಿಲ್ಲ.

“ವೀಸಾ ಯಾರ ಹೆಸರಲ್ಲಿದೆ?” ಶಾಜಿಯಾ ಕೇಳಿದಳು.

“ಹಳೇ ಕಂಪನಿ ಹೆಸರಲ್ಲೇ. ಆಮೇಲೆ ಬದಲಾಗುತ್ತೆ ಅಂದ್ನಲ್ಲ?”

“ಬದಲಾಗದೇ ಇದ್ರೆ?”

“ಅಪಶಕುನ ಆಡಬೇಡ ಕಣೇ,” ಎಂದು ಪರ್ವೇಜ್ ಫೋನಿಟ್ಟ. ಮಗು ಕಪ್ಪು ಗಾಜಿಗೆ ಇನ್ನೂ ಕೈ ಬೀಸುತ್ತಿತ್ತು.

ಶಾಜಿಯಾಗೆ ಯಶೋಧರಾ ನೆನಪಾದಳು. ಇಬ್ಬರೂ ಒಂದೇ ಮಹಿಳಾ ಸಂಘದವರು. ಯಶೋಧರಾ ಬಸ್ ನಿಲ್ದಾಣದ ಹತ್ತಿರ ಆನ್‌ಲೈನ್ ಅರ್ಜಿ ಹಾಕುವ ಅಂಗಡಿ ಇಟ್ಟುಕೊಂಡಿದ್ದಳು. ಅವಳ ತಮ್ಮ ಕೆಂಪರಾಜು ಸೌದಿಗೆ ಹೋಗಿ ಬರಿಗೈಲಿ ಬಂದದ್ದು ಸಂಘದಲ್ಲಿ ಎಲ್ಲರಿಗೂ ಗೊತ್ತು. ಹೇಗೆ, ಏಕೆ ಎಂದು ಯಾರೂ ಕೆದಕಿರಲಿಲ್ಲ.

“ಒಂದ್ಸಲ ಕೇಳ್ಕೊಂಡು ಬರ್ತೀನಿ,” ಎಂದಳು ಅತ್ತೆಗೆ.

“ಹೋಗಿ ಬಾ, ಮಗೂನ ನಾನು ನೋಡ್ಕೋತೀನಿ,” ಎಂದರು ಹಮೀದಾ ಬೇಗಂ. “ಕೇಳೋದಕ್ಕೇನು ಕಂದಾಯ ಕಟ್ಟಬೇಕಾ?”

“ಆ ಅಂಗಡಿಯವರು ಉಸಿರಾಡಿದ್ರೂ ಐವತ್ತು ರೂಪಾಯಿ ಅಂತಾರೆ,” ಎಂದು ಗೊಣಗುತ್ತ ಜಿಯಾವುಲ್ಲಾ ಟೋಪಿ ಹಾಕಿಕೊಂಡು ಜೊತೆಗೆ ಹೊರಟರು.

ಯಶೋಧರಾ ಯಾರದೋ ಪಹಣಿ ಪ್ರಿಂಟ್ ಹಾಕುತ್ತಿದ್ದಳು. ಶಾಜಿಯಾ ಹೇಳಿದಷ್ಟನ್ನೂ ಕೇಳಿ, ಪ್ರಿಂಟರ್ ನಿಲ್ಲಿಸಿದಳು.

“ಇನ್ನೂ ಹೊರಟಿಲ್ಲ ತಾನೆ?”

“ನಾಳೆ ಅಂದ್ರು ಅಕ್ಕ.”

“ಸದ್ಯ. ಕೂತ್ಕೊಳ್ಳಿ.”

ಜಿಯಾವುಲ್ಲಾ ಕೂರಲಿಲ್ಲ. “ಕೋನಪ್ಪನ ಮಗಳಲ್ವೇನಮ್ಮ ನೀನು? ನಿಮ್ಮಪ್ಪ, ನಾನು ಒಂದೇ ಶೆಡ್ಡಲ್ಲಿ ಗೂಡು ಬೇಯಿಸಿದೋರು. ಮಾಲೀಕ ಸರಿಯಿಲ್ಲ ಅಂದ್ರೆ ಬಿಡಬೇಕು. ಇದ್ರಲ್ಲಿ ಕಂಪ್ಯೂಟರ್ ನೋಡೋದೇನಿದೆ?”

“ಬಿಡಬೇಡಿ ಅಂತ ನಾನೆಲ್ಲಿ ಅಂದೆ ಸಾಹೇಬ್ರೇ? ಬಿಡಲಿ. ಹೇಗೆ ಬಿಡ್ತಾರೆ ಅನ್ನೋದಷ್ಟೇ ಮಾತು.” ಯಶೋಧರಾ ಕುರ್ಚಿಯನ್ನು ಅವರ ಕಡೆಗೆ ತಳ್ಳಿದಳು. “ನೀವು ಈಗ ಹೇಳಿದ್ದನ್ನೇ ನಮ್ಮಪ್ಪ ನನ್ನ ತಮ್ಮನಿಗೆ ಹೇಳಿದ್ದ. ಅಕ್ಷರ ಬದಲಾಗಿಲ್ಲ.”

ಜಿಯಾವುಲ್ಲಾ ಕೂತರು.

ಯಶೋಧರಾ ಕಥೆಯನ್ನು ಬಣ್ಣ ಹಚ್ಚದೆ ಹೇಳಿದಳು. ಐದು ವರ್ಷದ ಹಿಂದಿನ ಮಾತು. ಕೆಂಪರಾಜು ರಿಯಾದ್‌ನಲ್ಲಿ ಟೈಲ್ಸ್ ಕೆಲಸಕ್ಕಿದ್ದ. ಮಾಲೀಕ ಕೆಟ್ಟವನು, ಅದರಲ್ಲಿ ಎರಡು ಮಾತಿಲ್ಲ. ಒಂದು ಬೆಳಿಗ್ಗೆ ಚೀಲ ಹೆಗಲಿಗೆ ಹಾಕಿಕೊಂಡು ಇನ್ನೊಬ್ಬ ಕಂಟ್ರಾಕ್ಟರ್ ಹತ್ತಿರ ಹೋಗಿ ಸೇರಿದ. ಹಳೆಯ ಮಾಲೀಕ ಕೂಗಾಡಲಿಲ್ಲ, ಹುಡುಕಿಕೊಂಡೂ ಬರಲಿಲ್ಲ. ಕೆಲಸಗಾರ ಓಡಿಹೋದ ಎಂದು ಸರ್ಕಾರದ ಕಂಪ್ಯೂಟರಿನಲ್ಲಿ ದಾಖಲಿಸಿ ಸುಮ್ಮನಾದ. ಅದಕ್ಕೆ ಅಲ್ಲಿ ಹುರೂಬ್ ಅನ್ನುತ್ತಾರೆ. ನಾಲ್ಕು ತಿಂಗಳಾದ ಮೇಲೆ ರಸ್ತೆಯಲ್ಲಿ ಪೊಲೀಸರು ಇಕಾಮಾ, ಅಂದರೆ ಅಲ್ಲಿರಲು ಕೊಡುವ ಗುರುತಿನ ಚೀಟಿ, ತೋರಿಸು ಎಂದರು. ತೋರಿಸಿದ. ಹಾಗೆಯೇ ಗಾಡಿ ಹತ್ತಿಸಿದರು.

“ಹೊಸ ಮಾಲೀಕ ಬರಲಿಲ್ವಾ ಬಿಡಿಸೋಕೆ?” ಜಿಯಾವುಲ್ಲಾ ಕೇಳಿದರು.

“ಫೋನ್ ಸ್ವಿಚ್ ಆಫ್ ಮಾಡ್ಕೊಂಡ. ನಮ್ಮ ಹುಡುಗ ಅವನ ಹೆಸರಲ್ಲಿ ಎಲ್ಲಿದ್ದ? ಎಪ್ಪತ್ತೊಂದು ದಿನ ಒಳಗಿದ್ದ ಸಾಹೇಬ್ರೇ. ಪಾಸ್‌ಪೋರ್ಟ್ ಹಳೇ ಮಾಲೀಕನ ಹತ್ರಾನೇ ಉಳೀತು. ಕೊನೆಗೆ ರಾಯಭಾರ ಕಚೇರಿಯವರು ಕೊಟ್ಟ ಒಂದು ಕಾಗದ ಹಿಡ್ಕೊಂಡು ಬಂದ. ಇಲ್ಲಿ ಕೂತು ಅರ್ಜಿ ಹಾಕಿ ಹಾಕಿಯೇ ನಾನು ಇದನ್ನೆಲ್ಲ ಕಲಿತದ್ದು. ಯಾವ ಕಾಲೇಜಲ್ಲೂ ಅಲ್ಲ.”

“ಈಗ ರೂಲ್ಸು ಸಡಿಲ ಆಗಿದೆ ಅಂತಾರೆ...”

“ಆಗಿದೆ. ಓಡಿಹೋದ ಅಂತ ಬರೆದ ಮೇಲೂ ಒಂದಷ್ಟು ದಿನ ಗಡುವು ಕೊಡ್ತಾರಂತೆ. ಗಡುವಿನೊಳಗೆ ಪೇಪರ್ ಮಾಡಿಸಿಕೊಡೋ ಮಾಲೀಕ ಮೊದಲೇ ಯಾಕೆ ಮಾಡಿಸಲ್ಲ? ಅದನ್ನ ಕೇಳಿ.”

ಜಿಯಾವುಲ್ಲಾ ಸುಕ್ಕು ಬೆರಳುಗಳನ್ನು ನೋಡಿಕೊಂಡರು. ಶಾಜಿಯಾ ಆಗಲೇ ಗಂಡನಿಗೆ ಕರೆ ಮಾಡಿ, ಫೋನನ್ನು ಮೇಜಿನ ಮೇಲಿಟ್ಟಳು.

“ಪರ್ವೇಜ್, ನಾನು ಯಶೋಧರಾ, ಶಾಜಿಯಾ ಸಂಘದವಳು. ಎಷ್ಟು ತಿಂಗಳಾಯ್ತು ನೀವು ಹೋಗಿ?”

“ಹದಿನಾಲ್ಕು ಅಕ್ಕ.”

“ಒಳ್ಳೇದಾಯ್ತು. ನಿಮ್ಮಂಥ ಕಂಪನಿ ಕೆಲಸಗಾರರು ಒಂದು ವರ್ಷ ದಾಟಿದ್ರೆ ಕ್ರಮವಾಗಿ ಕಂಪನಿ ಬದಲಾಯಿಸೋಕೆ ಅಲ್ಲಿ ದಾರಿ ಇದೆ. ಕಿವಾ ಅಂತ ಅಲ್ಲಿನ ಸರ್ಕಾರದ ಆ್ಯಪ್ ಇದೆಯಲ್ಲ, ಹೊಸ ಕಂಪನಿ ಅದ್ರಲ್ಲಿ ನಿಮಗೆ ಕೋರಿಕೆ ಕಳಿಸಬೇಕು. ನೀವು ಓದಿ ಒಪ್ಪಬೇಕು. ನೋಟಿಸ್ ದಿನ ಎಷ್ಟಿದೆಯೋ ಅಷ್ಟೂ ದಿನ ಹಳೇ ಕಡೆಯೇ ಕೆಲಸ. ಇಕಾಮಾದಲ್ಲಿ ಹೊಸ ಹೆಸರು ಬಂದಮೇಲೆ ಪೆಟ್ಟಿಗೆ ಎತ್ತಿ. ಅದಕ್ಕೆ ಮುಂಚೆ ಒಂದು ದಿನ ಬೇರೆ ಕಡೆ ದುಡಿದ್ರೂ ತಪ್ಪು ನಿಮ್ಮದೇ ಆಗುತ್ತೆ.”

“ಏಜೆಂಟು ಅದೆಲ್ಲ ಬೇಡ ಅಂತಾನೆ ಅಕ್ಕ.”

“ಹಂಗಾದ್ರೆ ಒಂದೇ ಕೆಲಸ ಮಾಡಿ. ‘ಕಿವಾದಲ್ಲಿ ಕೋರಿಕೆ ಕಳಿಸಿ, ನೋಡಿ ಬರ್ತೀನಿ’ ಅಂತ ಏಜೆಂಟಿಗೆ ಅನ್ನಿ. ಕಳಿಸಿದ್ರೆ ಅವನ ಹಿಂದೆ ನಿಜವಾದ ಮಾಲೀಕ ಇದಾನೆ. ಕಳಿಸದೇ ಇದ್ರೆ ಅವನಿಗೆ ಬೇಕಿರೋದು ನಿಮ್ಮ ದುಡಿಮೆ ಮಾತ್ರ, ನಿಮ್ಮ ಹೊಣೆ ಅಲ್ಲ.”

“ಅಲ್ಲೀತನಕ ಈ ಫೋರ್‌ಮನ್ ಬೈಗುಳ ತಿನ್ನಬೇಕಾ?” ಪರ್ವೇಜ್ ಧ್ವನಿ ಏರಿತು. “ನೀವು ಅಲ್ಲಿ ಫ್ಯಾನ್ ಕೆಳಗೆ ಕೂತು ಹೇಳ್ತೀರಿ.”

“ಹೌದು, ಫ್ಯಾನ್ ಕೆಳಗೇ ಕೂತಿದೀನಿ. ಸಂಬಳ ತಡ ಆಗಿದ್ದಕ್ಕೆ ಬ್ಯಾಂಕ್ ಸಂದೇಶ ಇಟ್ಕೊಂಡು ಅಲ್ಲಿನ ಕಾರ್ಮಿಕ ಇಲಾಖೆಗೆ ದೂರು ಕೊಡಿ. ನಮ್ಮ ರಾಯಭಾರ ಕಚೇರಿಯಲ್ಲೂ ಕೇಳೋರಿದಾರೆ. ದೂರು ಕೊಟ್ಟೋನು ಓಡಿಹೋದೋನಲ್ಲ.”

ಶಾಜಿಯಾ ಫೋನಿಗೆ ಹತ್ತಿರವಾದಳು. “ರೀ, ನಿಮ್ಮ ಮಗಳು ಫೋನಿಗೆ ಕೈ ಬೀಸ್ತಾಳೆ. ನೀವು ಇಂಥ ದಿನ ಬರ್ತೀರಿ ಅನ್ನೋದಾದ್ರೆ ನಾನು ಇನ್ನೊಂದು ವರ್ಷ ಬೇಕಾದ್ರೂ ಬೀಸಿಸ್ತೀನಿ. ಬರೋ ದಾರೀನೇ ಮುಚ್ಕೊಂಡ್ರೆ ಯಾರಿಗೆ ಬೀಸಿಸಲಿ?”

ಜಿಯಾವುಲ್ಲಾ ಫೋನನ್ನು ಕೈಗೆತ್ತಿಕೊಂಡರು. “ಬೇಟಾ, ಆಗ ನಾನು ಹೇಳಿದ್ದು ನಮ್ಮೂರಿನ ಮಾತು. ಇಲ್ಲಿ ಹಳೇ ಮಾಲೀಕ ಕೂಗಾಡ್ತಿದ್ದ, ನಾನೂ ಕೂಗ್ತಿದ್ದೆ. ಅಲ್ಲಿ ಅವನು ಸುಮ್ನೆ ಬರೆದುಬಿಡ್ತಾನಂತೆ. ನನಗೆ ಅದು ಗೊತ್ತಿರಲಿಲ್ಲ. ನಾಳೆ ಹೊರಡಬೇಡ.”

ಆ ಮೂವತ್ತೆಂಟು ವರ್ಷದ ದುಡಿಮೆಯಲ್ಲಿ ಮಾವ ‘ನನಗೆ ಗೊತ್ತಿರಲಿಲ್ಲ’ ಎಂದು ಯಾರ ಮುಂದಾದರೂ ಹೇಳಿದ್ದರೇ ಎಂದು ಶಾಜಿಯಾ ಯೋಚಿಸಿದಳು.

ಏಜೆಂಟು ಕೋರಿಕೆ ಕಳಿಸಲಿಲ್ಲ. ಎರಡು ತಿಂಗಳು ದುಡಿ, ಆಮೇಲೆ ನೋಡಣ ಎಂದ. ಪರ್ವೇಜ್ ಒತ್ತಿ ಕೇಳಿದ ಮೇಲೆ ಏಜೆಂಟೇ ಇವನ ನಂಬರನ್ನು ಬ್ಲಾಕ್ ಮಾಡಿದ. ಅವತ್ತು ಪರ್ವೇಜ್ ಶಾಜಿಯಾಗೆ ಒಂದೇ ಸಾಲಿನ ಸಂದೇಶ ಕಳಿಸಿದ: “ನಿಮ್ಮಕ್ಕನಿಗೆ ಸಲಾಂ ಹೇಳು.”

ದಿನಗಳು ಸುಲಭವಾಗಿರಲಿಲ್ಲ. ದೂರು ಕೊಟ್ಟ ಮೇಲೆ ಸಂಬಳ ಸಮಯಕ್ಕೆ ಬರತೊಡಗಿತು, ಆದರೆ ಫೋರ್‌ಮನ್ ಅವನನ್ನು ಬಿಸಿಲಲ್ಲಿ ಮಹಡಿ ಹತ್ತುವ ಕೆಲಸಕ್ಕೇ ಹಾಕಿದ. ಖಾಲಿ ಕಾಗದವೊಂದಕ್ಕೆ ಸಹಿ ಕೇಳಿದಾಗ ಪರ್ವೇಜ್ ಹಾಕಲಿಲ್ಲ. ಯಶೋಧರಾ ಮೊದಲೇ ಎಚ್ಚರಿಸಿದ್ದಳು. ಒಪ್ಪಂದ, ಇಕಾಮಾ, ಪಾಸ್‌ಪೋರ್ಟ್ ಮೂರರ ಫೋಟೋಗಳೂ ಶಾಜಿಯಾ ಫೋನಿನಲ್ಲಿದ್ದವು. ಮೂರು ತಿಂಗಳಿಗೆ ರೂಮಿನ ಜೊತೆಗಾರ, ಚಿಂತಾಮಣಿಯ ಜಗನ್, ಒಂದು ಆಸ್ಪತ್ರೆಯ ಎಸಿ ನೋಡಿಕೊಳ್ಳುವ ಕಂಪನಿಯ ವಿಷಯ ತಂದ. ಪರ್ವೇಜ್ ಆ ಕಂಪನಿಗೂ ಮೊದಲು ಕಿವಾದಲ್ಲಿ ಕೋರಿಕೆ ಕಳಿಸಿ ಎಂದ. ಎರಡನೇ ದಿನ ಫೋನಿನಲ್ಲಿ ಕೋರಿಕೆ ಬಂತು. ಒಪ್ಪುವ ಮುನ್ನ ಅದರ ಫೋಟೋ ಶಿಡ್ಲಘಟ್ಟಕ್ಕೆ ಬಂತು. ಯಶೋಧರಾ, ಶಾಜಿಯಾ ಇಬ್ಬರೂ ಕೂತು ಸಂಬಳ, ರಜೆ, ನೋಟಿಸ್ ದಿನ ಓದಿದರು. ಅವನು ನೋಟಿಸ್ ದಿನಗಳನ್ನು ಕೊನೆಯವರೆಗೂ ದುಡಿದ. ಇಕಾಮಾದಲ್ಲಿ ಹೊಸ ಹೆಸರು ಕಂಡ ದಿನ ಪೆಟ್ಟಿಗೆ ಎತ್ತಿದ.

ಆ ಶುಕ್ರವಾರದಿಂದ ಹನ್ನೊಂದನೇ ತಿಂಗಳಿಗೆ ಪರ್ವೇಜ್ ರಜೆಯ ಮೇಲೆ ಊರಿಗೆ ಬಂದ. ಮಗು ಬಾಗಿಲಲ್ಲಿ ನಿಂತು ಅವನಿಗೆ ಕೈ ಬೀಸಿತು, ಫೋನಿಗೆ ಬೀಸುತ್ತಿದ್ದ ಹಾಗೆಯೇ. ಎತ್ತಿಕೊಂಡರೆ ಹೆದರಿ ಅತ್ತಿತು. ಮೂರನೇ ದಿನದಿಂದ ಇಳಿ ಎಂದರೂ ಇಳಿಯಲಿಲ್ಲ.

ಹಮೀದಾ ಬೇಗಂ ಒಂದು ದೊಡ್ಡ ಡಬ್ಬ ಬಿರಿಯಾನಿ ಕಟ್ಟಿಸಿಕೊಂಡು ತಾವೇ ಅರ್ಜಿ ಅಂಗಡಿಗೆ ಹೋದರು. “ನನ್ನ ಮಗನ್ನ ಉಳಿಸಿಕೊಟ್ಟೆ ಕಣಮ್ಮ,” ಎಂದು ಯಶೋಧರಾಳ ಕೈ ಹಿಡಿದುಕೊಂಡರು.

“ಬಿರಿಯಾನಿ ಇಟ್ಟು ಹೋಗಿ, ಅದು ಬೇಕು,” ಎಂದಳು ಯಶೋಧರಾ. “ಥ್ಯಾಂಕ್ಸ್ ಮಾತ್ರ ನನಗಲ್ಲ. ಪಾಠ ಕಲಿತೋನು ಬೇರೆ ಕಡೆ ಇದಾನೆ.”

ಮುಂದಿನ ಭಾನುವಾರ ಪರ್ವೇಜ್, ಶಾಜಿಯಾ, ಜಿಯಾವುಲ್ಲಾ ಮೂವರೂ ಚಿಕ್ಕಬಳ್ಳಾಪುರದಲ್ಲಿ ಬಸ್ಸು ಬದಲಾಯಿಸಿ ಗೌರಿಬಿದನೂರಿಗೆ ಹೋದರು. ಕೆಂಪರಾಜು ಈಗ ಕುಡುಮಲಕುಂಟೆಯ ಒಂದು ಕಾರ್ಖಾನೆಯಲ್ಲಿ ಶಿಫ್ಟ್ ಕೆಲಸ ಮಾಡುತ್ತಾನೆ. ಬಾಡಿಗೆ ಕೋಣೆಯಲ್ಲಿ ಅವನ ಅಪ್ಪ ಕೋನಪ್ಪನೂ ಇದ್ದರು. ಪರ್ವೇಜ್ ಖರ್ಜೂರದ ಪೆಟ್ಟಿಗೆಯನ್ನು ಮುಂದಿಟ್ಟ. ಏನು ಹೇಳಬೇಕೆಂದು ತಿಳಿಯದೆ ಇಕಾಮಾ ತೆಗೆದು ತೋರಿಸಿದ.

ಕೆಂಪರಾಜು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. “ನಾನು ಬಂದಾಗ ಕೈಯಲ್ಲಿ ಒಂದು ಪ್ಲಾಸ್ಟಿಕ್ ಕವರ್ ಇತ್ತು ಅಣ್ಣ,” ಎಂದ. “ಯಾರ ಮುಂದೆಯೂ ಹೇಳ್ಕೊಳ್ಳೋಕೆ ನಾಚಿಕೆ ಆಗ್ತಿತ್ತು. ಅಕ್ಕ ನಿಮ್ಮ ಮುಂದೆ ಹೇಳಿದ್ಲಲ್ಲ ಅಂತ ಜಗಳ ಆಡಿದ್ದೆ. ಇನ್ಮೇಲೆ ಎಲ್ಲರಿಗೂ ಹೇಳಲಿ ಬಿಡಿ.”

ಗೋಡೆಗೊರಗಿ ಕೂತಿದ್ದ ಇಬ್ಬರು ಮುದುಕರು ಒಬ್ಬರನ್ನೊಬ್ಬರು ನೋಡಿಕೊಂಡರು.

“ಇಬ್ಬರೂ ಒಂದೇ ಬುದ್ಧಿ ಹೇಳಿದ್ವಲ್ಲೋ ಕೋನಪ್ಪ,” ಎಂದರು ಜಿಯಾವುಲ್ಲಾ.

“ನಿನ್ನ ಮಗನಿಗೆ ಹೇಳೋರು ಇನ್ನೊಬ್ಬರಿದ್ರು,” ಎಂದರು ಕೋನಪ್ಪ. ಖರ್ಜೂರವೊಂದನ್ನು ಬಿಡಿಸಿ, ಬೀಜ ತೆಗೆದು, ಮಗನ ಕೈಗೆ ಮೊದಲು ಕೊಟ್ಟರು.

ಓದುತ್ತಿರುವ, ಕೇಳುತ್ತಿರುವ ನಿಮಗೆ ನೇರವಾಗಿ ಹೇಳುವುದಿಷ್ಟು. ನಿಮ್ಮ ಮನೆಯವರು ಹೊರದೇಶದಲ್ಲಿ ದುಡಿಯುತ್ತಿದ್ದರೆ, ಮಾಲೀಕ ಸರಿಯಿಲ್ಲ ಎಂದು ಫೋನಿನಲ್ಲಿ ಹೇಳಿದರೆ, ಅವರಿಗೆ ಸಹಿಸಿಕೊಂಡು ಸಾಯಿ ಎನ್ನಬೇಡಿ. ಎದ್ದು ಹೋಗು ಎಂದೂ ಅನ್ನಬೇಡಿ. ವೀಸಾ ಯಾರ ಹೆಸರಿನಲ್ಲಿದೆ ಎಂದು ಮೊದಲು ಕೇಳಿ. ಹೊಸ ಮಾಲೀಕನ ಹೆಸರು ಕಾಗದದಲ್ಲಿ ಬರುವ ತನಕ ಹಳೆಯ ಕೆಲಸ ಬಿಡಬೇಡಿ ಎನ್ನಿ. ನಿಯಮ ದೇಶದಿಂದ ದೇಶಕ್ಕೆ ಬೇರೆ. ಮನೆಗೆಲಸಕ್ಕೆ, ಮನೆಯ ಡ್ರೈವರ್ ಕೆಲಸಕ್ಕೆ ಹೋದವರಿಗೆ ಇನ್ನೂ ಬೇರೆ. ವರ್ಷ ವರ್ಷ ಬದಲಾಗುತ್ತಲೂ ಇರುತ್ತದೆ. ಆದ್ದರಿಂದ ಏಜೆಂಟನ್ನಲ್ಲ, ಆ ದೇಶದಲ್ಲಿರುವ ಭಾರತದ ರಾಯಭಾರ ಕಚೇರಿಯನ್ನು ಕೇಳಲು ಹೇಳಿ. ಹೊಡೆತ, ಬಡಿತ, ಪ್ರಾಣಭಯ ಇದ್ದರೆ ಒಂದು ದಿನವೂ ಕಾಯದೆ ಅಲ್ಲಿಗೇ ಹೋಗಲು ಹೇಳಿ. ಇಲ್ಲಿಂದ ನೀವೂ ವಿದೇಶಾಂಗ ಸಚಿವಾಲಯದ ಮದದ್ ಪೋರ್ಟಲ್‌ನಲ್ಲಿ ದೂರು ಹಾಕಬಹುದು.

ಕೆಂಪರಾಜು ಎಪ್ಪತ್ತೊಂದು ದಿನ ಕೊಟ್ಟು ಕಲಿತದ್ದು ನಿಮಗೆ ಪುಕ್ಕಟೆ ಸಿಕ್ಕಿದೆ. ನಿಮ್ಮ ಬೀದಿಯಲ್ಲಿ ಯಾರ ಮನೆಯಲ್ಲಿ ಮಗು ಫೋನಿಗೆ ಕೈ ಬೀಸುತ್ತದೋ, ಆ ಮನೆಗೆ ಇವತ್ತೇ ಹೋಗಿ ಹೇಳಿ.