ಬಾಗಿಲ ಮೇಲಿನ ಕೆಂಪು ದೀಪ

ತಮ್ಮ ತೀರಿಕೊಂಡ ಮೇಲೆ ನಮ್ಮ ಮನೆಗೆ ಜನ ಬರುವುದು ನಿಲ್ಲಲಿಲ್ಲ. ಬಂದವರೆಲ್ಲ ಒಳ್ಳೆಯ ಮನಸ್ಸಿನಿಂದಲೇ ಬಂದರು. ಆದರೆ ಯಾರು ಮೆಟ್ಟಿಲು ಹತ್ತಿದರೂ ಬಾಗಿಲ ಮೇಲಿನ ಕ್ಯಾಮೆರಾದಲ್ಲಿ ಸಾಸಿವೆಯಷ್ಟು ಕೆಂಪು ದೀಪ ಹೊತ್ತಿಕೊಳ್ಳುತ್ತಿತ್ತು.

ಆ ಕ್ಯಾಮೆರಾ ಹಾಕಿದವನು ತಮ್ಮನೇ. ಅವನ ಹೊಸ ಚಪ್ಪಲಿಯನ್ನು ಯಾರೋ ಬಾಗಿಲಿನಿಂದ ಎತ್ತಿಕೊಂಡು ಹೋಗಿದ್ದರು. ಚಪ್ಪಲಿಗೊಬ್ಬ ಕಾವಲುಗಾರನೇ ಎಂದು ನಾನು ನಕ್ಕಿದ್ದೆ.

"ಕಳ್ಳನ ಮುಖವನ್ನಾದರೂ ನೋಡೋಣ ಬಿಡಕ್ಕಾ," ಎಂದಿದ್ದ. ಉಗುರಿನಷ್ಟು ಕಾರ್ಡನ್ನು ಅದರೊಳಗೆ ತಳ್ಳುತ್ತ, ಸ್ಟೂಲಿನ ಮೇಲಿಂದಲೇ ವಿವರಿಸಿದ್ದ: "ಯಾರಾದರೂ ಓಡಾಡಿದರೆ ಇದು ಚಿತ್ರ ಹಿಡಿಯುತ್ತೆ, ಮಾತೂ ಹಿಡಿಯುತ್ತೆ. ಕಾರ್ಡ್ ತುಂಬಿದ ಮೇಲೆ ಎಲ್ಲಕ್ಕಿಂತ ಹಳೇದನ್ನ ಅಳಿಸಿ, ಆ ಜಾಗಕ್ಕೆ ಹೊಸದನ್ನ ತುಂಬುತ್ತೆ. ಥೇಟ್ ನಮ್ಮ ಚಿಕ್ಕಮ್ಮನ ಹಾಗೆ. ಹೊಸ ಸುದ್ದಿ ಕಿವಿಗೆ ಬಿತ್ತೋ, ಹಳೇದು ಮರೆತೇಹೋಯ್ತು."

ಆ ಮಾತು ನನಗೆ ನೆನಪಾದದ್ದು, ಅದೇ ಚಿಕ್ಕಮ್ಮ ನೆಂಟರ ದಂಡು ಕಟ್ಟಿಕೊಂಡು ಮೆಟ್ಟಿಲು ಹತ್ತುತ್ತಿದ್ದಾಗ.

ಅವನು ಹೋದ ದಿನ ಬೆಳಿಗ್ಗೆ ನಾನು ಒಳಕೋಣೆಯಲ್ಲಿ ಗಟ್ಟಿಯಾಗಿ ಪ್ರಾರ್ಥನೆ ಮಾಡುತ್ತಿದ್ದೆ. ಬಾಗಿಲಲ್ಲಿ ಅವನ ದನಿ ಕೇಳಿಸಿತು, ಮಾತು ತಿಳಿಯಲಿಲ್ಲ. ಹೋಗಿಬರುತ್ತೇನೆ ಎಂದಿರಬೇಕು ಎಂದುಕೊಂಡೆ. ಪ್ರಾರ್ಥನೆ ಮುಗಿಯುವಷ್ಟರಲ್ಲಿ ಪಕ್ಕದ ಮನೆಯವರು ಓಡಿಬಂದರು. ಬೀದಿಯ ತಿರುವಿನಲ್ಲಿ ಬಿದ್ದಿದ್ದನಂತೆ. ನಾನು ಹೋದಾಗ ಉಸಿರಿರಲಿಲ್ಲ.

ಅವನ ಕೊನೆಯ ಮಾತು ಆ ಕಾರ್ಡಿನಲ್ಲಿತ್ತು. ಬಂದವರ ಒಂದೊಂದು ಹೆಜ್ಜೆಯೂ ಹಳೆಯದನ್ನು ಒರೆಸುತ್ತ ಅದರ ಹತ್ತಿರಕ್ಕೆ ಬರುತ್ತಿತ್ತು.

"ಎಲ್ಲರೂ ಹಿಂದಿನ ಬಾಗಿಲಿಂದ ಬನ್ನಿ!" ಎಂದು ಕೂಗಿದೆ.

"ಯಾಕೇ? ನಾವೇನು ಚಪ್ಪಲಿ ಕದಿಯೋಕೆ ಬಂದಿದೀವಾ?" ಚಿಕ್ಕಮ್ಮ ಮೆಟ್ಟಿಲ ನಡುವೆಯೇ ನಿಂತುಬಿಟ್ಟರು.

"ದಮ್ಮಯ್ಯ ಚಿಕ್ಕಮ್ಮ, ಅಲ್ಲಿ ನಿಲ್ಲಬೇಡಿ."

"ಪಾಪ, ದುಃಖಕ್ಕೆ ತಲೆ ಕೆಟ್ಟಿದೆ. ಯಾರಾದರೂ ನೀರು ತನ್ನಿ," ಎಂದರು. ಇಬ್ಬರು ನನ್ನನ್ನು ದಾಟಿಕೊಂಡು ಒಳಗೋಡಿದರು. ದೀಪ ಆರಲೇ ಇಲ್ಲ.

ಕ್ಯಾಮೆರಾ ನಿಲ್ಲಿಸೋಣವೆಂದರೆ ಅದರ ಬ್ಯಾಟರಿ ಒಳಗೇ ಇತ್ತು, ಕೆಳಗಿನಿಂದ ಆರಿಸಲು ಸ್ವಿಚ್ಚಿರಲಿಲ್ಲ. ಸ್ಟೂಲು ಹತ್ತಲು ನನ್ನ ಮಂಡಿ ಒಪ್ಪುವುದಿಲ್ಲ. ತಮ್ಮನಿಗೆ ಅದನ್ನು ಮಾರಿದ ಅಂಗಡಿಯವರಿಗೆ ಫೋನ್ ಮಾಡಿದೆ. "ಬೇರೆ ಯಾರ ಕೈಲೂ ಅದನ್ನ ಬಿಚ್ಚಿಸಬೇಡಿ ಅಕ್ಕ, ಬಂದೆ," ಎಂದರು. ನಾನು ಬಾಗಿಲಿಗೆ ಚಿಲಕ ಹಾಕಿ, ಪಕ್ಕದ ಕಿಟಕಿಯಲ್ಲಿ ಕೂತು ದೀಪವನ್ನೇ ನೋಡುತ್ತಿದ್ದೆ. ಯಾರೋ ಬಾಗಿಲು ತಟ್ಟಿದರು, ಹೊತ್ತಿತು. ಬೆಕ್ಕೊಂದು ಮೆಟ್ಟಿಲು ದಾಟಿತು, ಆಗಲೂ ಹೊತ್ತಿತು.

ಅಂಗಡಿಯವರು ಬಂದು ಕಾರ್ಡನ್ನು ಕಿತ್ತು, ತಮ್ಮನ ಮೇಜಿನ ಮೇಲೆ ಕಂಪ್ಯೂಟರ್ ತೆರೆದು ಕೂತರು.

"ಹಾಕಿ, ಕೇಳೋಣ," ಎಂದೆ.

"ಇಲ್ಲ ಅಕ್ಕ. ಮೊದಲು ನಕಲು, ಆಮೇಲೆ ಕಣ್ಣೀರು. ಕಾರ್ಡನ್ನ ನಂಬಬಾರದು. ಎರಡು ಪೆನ್‌ಡ್ರೈವಿಗೆ ಪ್ರತಿ ಮಾಡಿಕೊಂಡೇ ತೆರೆಯೋದು."

ಪರದೆಯ ಮೇಲೆ ಹಸಿರು ಪಟ್ಟಿಯೊಂದು ತೆವಳತೊಡಗಿತು. ಹಿಂದೆ ಬಂದು ನಿಂತ ಚಿಕ್ಕಮ್ಮ, "ಇದೇನೇ, ಬಸವನಹುಳುವಿನ ಓಟ?" ಎಂದರು.

ಎರಡು ಪ್ರತಿಗಳೂ ಆದ ಮೇಲೆ ಅಂಗಡಿಯವರು ದಿನಾಂಕ ನೋಡಿದರು. "ಅದೃಷ್ಟ ಅಕ್ಕ. ಉಳಿದಿರೋದರಲ್ಲಿ ಎಲ್ಲಕ್ಕಿಂತ ಹಳೇದು ಆ ಬೆಳಿಗ್ಗೆಯದೇ. ಇನ್ನೊಬ್ಬರು ಬಂದಿದ್ದರೆ ಇದೂ ಹೋಗ್ತಿತ್ತು."

ಪರದೆಯ ಮೇಲೆ ತಮ್ಮ ಗೇಟು ತೆರೆದುಕೊಂಡು ಒಳಗೆ ಬರುತ್ತಿದ್ದ. ಹೊರಗೆ ಹೋದವನು ತಿರುಗಿ ಬಂದಿದ್ದ. ಒಂದು ಕೈ ಎದೆಯ ಮೇಲಿತ್ತು. ಮೆಟ್ಟಿಲ ಮೇಲೆ ಕುಸಿದು ಕೂತು, "ಅಕ್ಕಾ," ಎಂದ.

ಒಳಗಿನಿಂದ ನನ್ನ ಪ್ರಾರ್ಥನೆ ಕೇಳಿಸುತ್ತಿತ್ತು, ಒಂದಕ್ಷರವೂ ತಡವರಿಸದೆ.

ಅವನು ತಲೆ ಬಗ್ಗಿಸಿ ಸ್ವಲ್ಪ ಹೊತ್ತು ಆಲಿಸಿದ. "ಮುಗಿಸಲಿ ಪಾಪ," ಎಂದು ತನ್ನಷ್ಟಕ್ಕೆ ಹೇಳಿಕೊಂಡ. ಗೋಡೆ ಹಿಡಿದು ಎದ್ದು, ಒಬ್ಬನೇ ಬೀದಿಗಿಳಿದ.

ಖಾಲಿ ಮೆಟ್ಟಿಲ ಮೇಲೆ ನನ್ನ ದನಿ ಹಾಗೇ ಮುಂದುವರಿಯಿತು.

"ಏಳೇ," ಎಂದೆ, ಆ ದನಿಗೆ. "ಎದ್ದು ಬಾರೇ."

ಚಿಕ್ಕಮ್ಮ ನನ್ನ ಭುಜ ಹಿಡಿದುಕೊಂಡರು. ಅಂಗಡಿಯವರು ಮೆಲ್ಲಗೆ, "ಅಳಿಸಿಬಿಡಲಾ ಅಕ್ಕ?" ಎಂದು ಕೇಳಿದರು.

"ಬೇಡ. ಅದರಲ್ಲಿ ಅವನಿದ್ದಾನೆ," ಎಂದೆ.

ಎರಡು ಪ್ರತಿಗಳನ್ನೂ ದೇವರ ಮುಂದೆ ಇಟ್ಟಿದ್ದೇನೆ. ಎರಡರಲ್ಲೂ ಒಳಗೆ ಪ್ರಾರ್ಥಿಸುತ್ತಿರುವ ಅವಳು ಏಳುವುದಿಲ್ಲ.